ಮೂರನೇ ಟ್ಯೂಬು

ಅವರು "ಇಲ್ಲ" ಎಂದು ಬರೆಸಿದ್ದನ್ನು ನಾನು ನೋಡಿಲ್ಲ. ಥಾಣೆಯ ಒಂದು ಲ್ಯಾಬಿನಲ್ಲಿ ಹದಿನಾರು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದವನು ನಾನು. ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ರೋಗಿಯ ಕಫದಲ್ಲೋ ಚರ್ಮದ ಚೂರಿನಲ್ಲೋ ಶಿಲೀಂಧ್ರ ಸಿಗದಿದ್ದರೆ ಬೇರೆಯವರು "ಶಿಲೀಂಧ್ರ ಇಲ್ಲ" ಎಂದು ಮುಗಿಸುತ್ತಾರೆ. ಇವರು "ಕಂಡುಬಂದಿಲ್ಲ" ಎಂದೇ ಬರೆಸಬೇಕು. ಎರಡಕ್ಕೂ ಏನು ವ್ಯತ್ಯಾಸ ಎಂದು ಸೇರಿದ ಮೊದಲ ವಾರದಲ್ಲೇ ಕೇಳಿದ್ದೆ.

"ಇಲ್ಲ ಅನ್ಲಿಕ್ಕೆ ನಾನೆಂತ ಆ ಮನುಷ್ಯನ ಒಳಗೆ ಹೋಗಿ ನೋಡಿ ಬಂದಿದ್ದೇನಾ? ಒಂದು ಹನಿ ನೋಡಿದ್ದು. ಆ ಹನಿಯಲ್ಲಿ ಕಾಣ್ಲಿಲ್ಲ. ಅಷ್ಟೇ ಬರಿ" ಎಂದಿದ್ದರು.

ಹೋದ ತಿಂಗಳು ಅವರು ಐರೋಲಿಯ ತಮ್ಮ ಫ್ಲ್ಯಾಟಿನಲ್ಲಿ ತೀರಿಕೊಂಡರು. ಸುದ್ದಿ ಲ್ಯಾಬಿನ ವಾಟ್ಸ್ಯಾಪ್ ಗುಂಪಿನಲ್ಲಿ ಬಂತು, ಅದರ ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು ಬಂದವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿನಲ್ಲಿ ಯಾರಾದರೂ ರೋಗಿಯ ಹೆಸರನ್ನು ಗಟ್ಟಿಯಾಗಿ ಓದಿದರೆ "ನಂಬರ್ ಸಾಕು" ಎಂದು ಗದರಿಸುತ್ತಿದ್ದ ಹೆಂಗಸು. ಆ ಮರ್ಯಾದೆ ಅವರಿಗೂ ಸಲ್ಲಬೇಕು.

ಅವರ ಬೆನ್ನ ಹಿಂದೆ ಒಂದು ಹೆಸರಿತ್ತು. ಮರಾಠಿಯಲ್ಲಿ ಬೂಷ್ಟಿಗೆ ಬುರಶಿ ಅನ್ನುತ್ತಾರೆ, ಹಾಗಾಗಿ ಲ್ಯಾಬಿಗೆಲ್ಲ ಅವರು ಬುರಶಿ ಮ್ಯಾಡಮ್. ಅದು ಅವರಿಗೂ ಗೊತ್ತಿತ್ತು. ಗಿಡ್ಡ ಆಳು, ಸೆರಗಿಗೆ ನಾಲ್ಕು ಪಿನ್ನು, ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿದ ಕನ್ನಡಕ, ಕೈಯಲ್ಲಿ ಎರಡು ಸ್ಟೀಲ್ ಡಬ್ಬಿ. ಒಂದು ಊಟದ್ದು. ಇನ್ನೊಂದರಲ್ಲಿ ಮನೆಯಲ್ಲಿ ಕೆಟ್ಟು ಹೋದದ್ದು ಏನಿದೆಯೋ ಅದು ಇರುತ್ತಿತ್ತು. ಬ್ರೆಡ್ಡಿನ ಮೂಲೆ, ನಿಂಬೆಹಣ್ಣಿನ ಹೋಳು, ಒಮ್ಮೆ ಯಾರದೋ ಚಪ್ಪಲಿಯ ಪಟ್ಟಿ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹಸಿವು ತಡೆಯಲಾರದೆ ತಪ್ಪು ಡಬ್ಬಿ ತೆರೆದಳು. ಚಪಾತಿಯ ಮೇಲೆ ಹಸಿರು, ಕಪ್ಪು, ಕಿತ್ತಳೆ ಮೂರೂ ಬಣ್ಣದ ಬೂಷ್ಟು. ಆಕೆ ಕಿರುಚಿಕೊಂಡಾಗ ಇವರು ತಲೆ ಎತ್ತದೆ ಹೇಳಿದ್ದು, "ಢಕ್ಕನ್ ಬಂದ್ ಕರೋ, ಹವಾ ಲಗ್ ಜಾಯೇಗೀ." ಮುಚ್ಚಳ ಹಾಕು, ಅದಕ್ಕೆ ಗಾಳಿ ತಾಗುತ್ತದೆ ಎಂದು. ಆ ದಿನದಿಂದ ಅವರ ಎರಡು ಡಬ್ಬಿಗಳಲ್ಲಿ ಯಾವುದನ್ನೂ ಯಾರೂ ಮುಟ್ಟಲಿಲ್ಲ. ಅವರಿಗೆ ಬೇಕಾಗಿದ್ದದ್ದೂ ಅದೇ ಇರಬಹುದು.

ಅವರ ಮನೆಮಾತು ಕುಂದಾಪುರದ ಕಡೆಯ ಕನ್ನಡ, ನಮ್ಮ ಮನೆಯಲ್ಲಿ ತುಳು. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ, ಏಳನೆಯವರೆಗೆ ಓದಿದ್ದು ಅಲ್ಲಿಯ ಕನ್ನಡ ಶಾಲೆಯಲ್ಲಿ. ಇಡೀ ಲ್ಯಾಬಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಆ ಕಾರಣಕ್ಕೆ ಅವರು ನನ್ನ ಮೇಲೆ ವಿಶೇಷ ಪ್ರೀತಿ ತೋರಿಸಿದರು ಎಂದು ಯಾರಾದರೂ ಅಂದುಕೊಂಡರೆ ತಪ್ಪು. ಬೈಯುವುದಕ್ಕೆ ಅನುಕೂಲವಾಯಿತು, ಅಷ್ಟೇ.

ಮೊದಲು ಬೈಸಿಕೊಂಡದ್ದು ಅರೆದದ್ದಕ್ಕೆ. ನಾನು ಟಿ.ಬಿ. ವಿಭಾಗದಿಂದ ಬಂದವನು. ಅಲ್ಲಿ ಆಪರೇಷನ್‌ನಲ್ಲಿ ತೆಗೆದ ಮಾಂಸದ ಚೂರು ಬಂದರೆ ಅದನ್ನು ಪುಟ್ಟ ಗಾಜಿನ ಒರಳಿನಲ್ಲಿ ನುಣ್ಣಗೆ ಅರೆದು ಆಮೇಲೆ ಬೆಳೆಯಲು ಇಡುತ್ತಿದ್ದೆವು. ಇಲ್ಲಿಯೂ ಹಾಗೆಯೇ ಮಾಡಿದೆ. ಅವರು ಬಂದು ಪಕ್ಕದಲ್ಲಿ ನಿಂತರು.

"ಅರೆದು ಆಯ್ತಾ?"

"ಆಯ್ತು ಮೇಡಂ. ಒಂದು ಗಂಟು ಉಳೀಲಿಲ್ಲ."

"ಚಟ್ನಿ ಮಾಡಿದ್ದಿ ನೀನು."

ಆಮೇಲೆ ವಿವರಿಸಿದರು. ಸಕ್ಕರೆ ಕಾಯಿಲೆಯವರ ಮೂಗು, ಕಣ್ಣುಗಳ ಹಿಂದೆ ಹಬ್ಬುವ ಒಂದು ಜಾತಿಯ ಶಿಲೀಂಧ್ರ ಇದೆ. ಅದರ ಎಳೆ ಉದ್ದದ ಕೊಳವೆ, ಮಧ್ಯೆ ಮಧ್ಯೆ ಗೋಡೆಗಳಿಲ್ಲ. ಒಂದು ಕಡೆ ಒಡೆದರೆ ಒಳಗಿದ್ದದ್ದೆಲ್ಲ ಸೋರಿ ಹೋಗುತ್ತದೆ. ಅರೆದರೆ ಒಂದೂ ಬದುಕುವುದಿಲ್ಲ. ಲ್ಯಾಬಿನಲ್ಲಿ ಏನೂ ಬೆಳೆಯುವುದಿಲ್ಲ, ರಿಪೋರ್ಟು ಸ್ವಚ್ಛವಾಗಿ ಹೋಗುತ್ತದೆ, ರೋಗಿಯ ತಲೆಯೊಳಗೆ ಅದು ಬೆಳೆಯುತ್ತಲೇ ಇರುತ್ತದೆ. ಇಷ್ಟು ಹೇಳಿ ನನ್ನೆದುರೇ ಸರ್ಜನ್‌ಗೆ ಫೋನ್ ಮಾಡಿದರು. "ಡಾಕ್ಟರ್, ಚೂಕ್ ಆಮಚೀ ಝಾಲೀ. ದುಸರಾ ತುಕಡಾ ಪಾಠವಾ." ತಪ್ಪು ನಮ್ಮದು, ಇನ್ನೊಂದು ಚೂರು ಕಳಿಸಿ ಎಂದರೇ ಹೊರತು ಯಾರ ತಪ್ಪು ಎಂದು ಹೇಳಲಿಲ್ಲ. ಫೋನ್ ಇಟ್ಟು ನನ್ನ ಕೈಗೆ ಬ್ಲೇಡು ಕೊಟ್ಟರು. "ಬೆಂಡೆಕಾಯಿ ಹೆಚ್ಚಿದ ಹಾಗೆ ಹೆಚ್ಚು. ಅರೀಬೇಡ."

ಈ ಶಿಲೀಂಧ್ರಗಳು ಮನುಷ್ಯನ ಮೈಯಲ್ಲಿ ಏನು ತಿಂದು ಬದುಕುತ್ತವೆ ಎನ್ನುವುದು ಅವರಿಗೆ ಹಿಡಿದ ಹುಚ್ಚು. ಸಕ್ಕರೆಯ ಮಾತು ಎಲ್ಲರಿಗೂ ಗೊತ್ತು. ಇವರು ಹೇಳುತ್ತಿದ್ದದ್ದು ಕಬ್ಬಿಣದ ಮಾತು. ಎಷ್ಟೇ ಸಕ್ಕರೆ ಇದ್ದರೂ ಕಬ್ಬಿಣ ಸಿಗದೆ ಅವು ಬೆಳೆಯಲಾರವು. ನಮ್ಮ ರಕ್ತದಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ಬಿಡಿಯಾಗಿ ತಿರುಗಾಡುವುದಿಲ್ಲ. ಕಾವಲಿನ ಪ್ರೋಟೀನುಗಳು ಅದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಇದನ್ನು ಅವರು ನನಗೆ ತಿಳಿಸಿದ್ದು ಹೀಗೆ.

"ನಿನ್ನ ಬಾವನ ಹೋಟ್ಲಲ್ಲಿ ಉಗ್ರಾಣದ ಬೀಗದಕೈ ಯಾರತ್ರ ಇರ್ತದೆ?"

"ಬಾವನ ಸೊಂಟದಲ್ಲಿ."

"ಕಳ್ಳ ಬಂದಿದ್ದಾನೆ ಅಂತ ಗೊತ್ತಾದ್ರೆ ಎಂತ ಮಾಡ್ತಾರೆ?"

"ಹೊರಗಿದ್ದದ್ದನ್ನೂ ಒಳಗಿಟ್ಟು ಇನ್ನೊಂದು ಬೀಗ ಹಾಕ್ತಾರೆ."

"ಹಾಂ. ಜ್ವರ ಬಂದಾಗ ದೇಹ ಮಾಡುವುದೂ ಅದೇ. ಆಗ ರಕ್ತ ನೋಡಿದ್ರೆ ಐರನ್ ಕಡಿಮೆ ಅಂತ ಬರ್ತದೆ. ಅದು ಕಡಿಮೆ ಆದದ್ದಲ್ಲ ಮಾರಾಯ, ಒಳಗಿಟ್ಟದ್ದು. ನೆನಪಿಟ್ಕೋ."

ಕಳ್ಳರಲ್ಲೂ ಜಾತಿಗಳಿವೆ. ಕೆಲವು ಶಿಲೀಂಧ್ರಗಳು ಕಬ್ಬಿಣ ಹಿಡಿಯುವ ಒಂದು ಪುಟ್ಟ ರಾಸಾಯನಿಕವನ್ನು ತಾವೇ ತಯಾರಿಸಿ ಹೊರಗೆ ಬಿಡುತ್ತವೆ. ಮಾವಿನಕಾಯಿ ಕೀಳುವ ದೋಟಿ ಇದ್ದ ಹಾಗೆ. ಅದು ಕಾವಲಿನವನ ಕೈಯಿಂದ ಕಬ್ಬಿಣವನ್ನು ಕಿತ್ತುಕೊಂಡು ಬಂದಾಗ ಇವು ಒಳಗೆ ಎಳೆದುಕೊಳ್ಳುತ್ತವೆ. ಕೆಲವಕ್ಕೆ ಸ್ವಂತ ದೋಟಿ ಇಲ್ಲ, ಬೇರೆ ಸೂಕ್ಷ್ಮಜೀವಿಗಳು ಬಿಟ್ಟದ್ದನ್ನೇ ಎತ್ತಿಕೊಳ್ಳುತ್ತವೆ. ಪದೇ ಪದೇ ರಕ್ತ ಹಾಕಿಸಿಕೊಳ್ಳುವವರ ಮೈಯಿಂದ ಹೆಚ್ಚಿನ ಕಬ್ಬಿಣ ತೆಗೆಯಲು ಕೊಡುವ ಒಂದು ಹಳೆಯ ಇಂಜೆಕ್ಷನ್ ಇದೆ. ನಾನು ಚಟ್ನಿ ಮಾಡಿದ ಆ ಜಾತಿಯ ಶಿಲೀಂಧ್ರ ಆ ಔಷಧಿಯನ್ನೇ ದೋಟಿ ಮಾಡಿಕೊಳ್ಳುತ್ತದೆ. ಇನ್ನು ಸಕ್ಕರೆ ಮಿತಿಮೀರಿ ರಕ್ತ ಹುಳಿಯಾಯಿತೆಂದರೆ ಕಾವಲಿನ ಪ್ರೋಟೀನಿನ ಹಿಡಿತವೇ ಸಡಿಲವಾಗುತ್ತದೆ. ಆಗ ದೋಟಿಯೂ ಬೇಡ. ಇದನ್ನೆಲ್ಲ ಅವರು ಮಧ್ಯಾಹ್ನದ ಚಹಾವನ್ನು ನಿಂತುಕೊಂಡೇ ಕುಡಿಯುತ್ತ ಹೇಳುತ್ತಿದ್ದರು. ಕೇಳುವವನು ನಾನೊಬ್ಬ. ಕೇಳಿದ್ದೆ ಕೂಡ. ಬೇಕಾದ ಹೊತ್ತಿಗೆ ನೆನಪಾಗಲಿಲ್ಲ ಎನ್ನುವುದು ಮುಂದಿನ ಕತೆ.

ಈ ಜ್ಞಾನದಿಂದಾಗಿ ಅವರಿಗೊಂದು ಚಟ ಅಂಟಿಕೊಂಡಿತ್ತು. ಶಿಲೀಂಧ್ರ ಇರಬಹುದು ಎಂದು ಯಾವ ಸ್ಯಾಂಪಲ್ ಬಂದರೂ ರೋಗಿಯ ಕಡೆಯವರಿಗೆ ಫೋನ್ ಮಾಡಿಸಿ, "ಐರನ್ ತಗೊಳ್ತಿದ್ದಾರಾ?" ಎಂದು ಕೇಳುವುದು. ಎಷ್ಟೋ ಡಾಕ್ಟರುಗಳು ನಕ್ಕಿದ್ದರು. ಅವರು ನಗುವನ್ನು ಗಮನಿಸುತ್ತಿರಲಿಲ್ಲ. ಹೌದೋ ಅಲ್ಲವೋ ಎಂದು ರಿಜಿಸ್ಟರಿನ ಒಂದು ಮೂಲೆಯಲ್ಲಿ ಬರೆದಿಡುತ್ತಿದ್ದರು.

ಕೋವಿಡ್‌ನ ಎರಡನೇ ಅಲೆಯಲ್ಲಿ ಬಾವನಿಗೆ ಬಂತು. ಬಾವ ಎಂದರೆ ನನ್ನ ಅಕ್ಕನ ಗಂಡ, ಡೊಂಬಿವಲಿ ಪೂರ್ವದಲ್ಲಿ ಎಂಟು ಮೇಜಿನ ಸಸ್ಯಾಹಾರಿ ಹೋಟೆಲಿನವನು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು, ಸ್ಟಿರಾಯ್ಡ್ ತೆಗೆದುಕೊಂಡು ಮನೆಗೆ ಬಂದ. ಜ್ವರ ಪೂರ್ತಿ ಬಿಟ್ಟಿರಲಿಲ್ಲ, ಎದ್ದು ಬಚ್ಚಲಿಗೆ ಹೋಗಲೂ ಆಗದಷ್ಟು ನಿತ್ರಾಣ. ನಾನೇ ದಿವಾದ ನನ್ನ ಮನೆಯಿಂದ ಹೋಗಿ ರಕ್ತ ತೆಗೆದು ನಮ್ಮ ಲ್ಯಾಬಿಗೆ ಕೊಟ್ಟೆ. ರಿಪೋರ್ಟಿನಲ್ಲಿ ಐರನ್ ಎದುರಿಗೆ ಕಡಿಮೆ ಎಂಬ ಗುರುತು ಬಂತು. ಅಕ್ಕನಿಗೆ ಫೋನ್ ಮಾಡಿ, "ಸುಸ್ತು ಇದಕ್ಕೇ ಆದದ್ದು. ಐರನ್ ಟಾನಿಕ್ ತರಿಸಿ ದಿನಕ್ಕೆರಡು ಸಲ ಕೊಡು" ಎಂದೆ. ಯಾವ ಡಾಕ್ಟರನ್ನೂ ಕೇಳಲಿಲ್ಲ. ಲ್ಯಾಬಿನಲ್ಲಿ ಹತ್ತಾರು ವರ್ಷ ಕಳೆದವರಿಗೆ ಮನೆಯವರ ಎದುರು ಬರುವ ಒಂದು ಠೀವಿ ಇದೆ. ಅದು ನನಗೂ ಬಂದಿತ್ತು.

ಎರಡು ವಾರದ ಮೇಲೆ ಬಾವನ ಎಡಗೆನ್ನೆ ಜೋಮು ಹಿಡಿಯಿತು, ಕಣ್ಣು ಊದಿತು. ಕಿವಿ ಮೂಗು ಗಂಟಲಿನ ಡಾಕ್ಟರು ಮೂಗಿನೊಳಗಿಂದ ಒಂದು ಚೂರು ತೆಗೆದು ಕೊಟ್ಟರು. ಡೊಂಬಿವಲಿಯಿಂದ ಥಾಣೆಗೆ ನಾನೇ ಅದನ್ನು ಹಿಡಿದುಕೊಂಡು ಹೋದೆ. ಸೀಸೆಯ ಮೇಲೆ ನಂಬರ್ ಬರೆದವನೂ ನಾನೇ. ಹಾಗಾಗಿ ಆ ನಂಬರ್ ಇವತ್ತಿಗೂ ಬಾಯಿಪಾಠ. ಮೇಡಂ ಚೂರಿನ ಮೇಲೆ ಒಂದು ಹನಿ ಕ್ಷಾರದ ದ್ರಾವಣ ಹಾಕಿ, ಸ್ವಲ್ಪ ಬಿಸಿ ಮಾಡಿ ನೋಡಿದರು. ನೋಡುತ್ತಲೇ, "ಯಾರದ್ದು?" ಎಂದರು. ಎಂದೂ ಹೆಸರು ಕೇಳದವರು.

"ನಮ್ಮ ಬಾವಂದು ಮೇಡಂ."

ಅವರು ಎದ್ದು ನನಗೆ ನೋಡಲು ಜಾಗ ಬಿಟ್ಟರು. ಅಗಲವಾದ, ಮಡಚಿಕೊಂಡ ರಿಬ್ಬನ್ನಿನಂಥ ಎಳೆಗಳು. ಮಧ್ಯೆ ಗೋಡೆ ಇಲ್ಲ. ನಾನು ಕಣ್ಣು ತೆಗೆಯುವುದರೊಳಗೆ ಅವರು ಡಾಕ್ಟರಿಗೆ ಫೋನ್ ಮಾಡಿ ಮುಗಿಸಿದ್ದರು. ಆಗ ಪೇಪರಿನವರು ಇದನ್ನು ಕಪ್ಪು ಶಿಲೀಂಧ್ರ ಎನ್ನುತ್ತಿದ್ದರು. ಮೇಡಂಗೆ ಆ ಹೆಸರು ಕಂಡರಾಗುತ್ತಿರಲಿಲ್ಲ. "ಅದು ಬೆಳೀವಾಗ ಹತ್ತಿಯ ಹಾಗೆ ಬೆಳ್ಳಗೆ ಇರ್ತದೆ. ಕಪ್ಪಾಗುವುದು ಸತ್ತ ಮಾಂಸ" ಎನ್ನುತ್ತಿದ್ದರು. ಅವತ್ತು ಅದನ್ನು ಹೇಳಲಿಲ್ಲ.

ಆಮೇಲೆ ಚಟದಂತೆ ಅಕ್ಕನಿಗೆ ಫೋನ್ ಹಚ್ಚಿಸಿದರು. ಸ್ಪೀಕರ್‌ನಲ್ಲಿತ್ತು.

"ಎಂತೆಲ್ಲ ಕೊಡ್ತಾ ಇದ್ದೀರಿ ಅವರಿಗೆ?"

ಅಕ್ಕ ಮಾತ್ರೆಗಳ ಹೆಸರು ಹೇಳುತ್ತಾ ಹೋದಳು. ಕೊನೆಗೆ, "ಮತ್ತೆ ಐರನ್ ಟಾನಿಕ್ ಉಂಟು ಮೇಡಂ, ಎರಡು ಹೊತ್ತು. ತಮ್ಮನೇ ಹೇಳಿದ್ದು. ಅವ ಲ್ಯಾಬಿನವ ಅಲ್ವಾ, ಅವನಿಗೆ ಗೊತ್ತಿರ್ತದೆ."

ಮೇಡಂ ನನ್ನ ಕಡೆ ನೋಡಲಿಲ್ಲ. "ಅದು ಇವತ್ತಿಂದ ಬೇಡ. ಉಳಿದದ್ದು ಡಾಕ್ಟರ್ ಹೇಳಿದ ಹಾಗೆ" ಎಂದು ಫೋನ್ ನನಗೆ ಕೊಟ್ಟು, ರಿಜಿಸ್ಟರಿನ ಮೂಲೆಯಲ್ಲಿ "ಹೌದು" ಎಂದು ಬರೆದುಕೊಂಡರು. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಿ ಬೇಡದ ಟ್ಯೂಬುಗಳನ್ನೆಲ್ಲ ತೊಳೆಯುತ್ತಾ ಕೂತೆ.

ನವಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಬಾವನಿಗೆ ಆಪರೇಷನ್ ಆಯಿತು. ಎಡಗಣ್ಣು ತೆಗೆದರು. ಜೀವ ಉಳಿಯಿತು. ಬೇಗ ಗೊತ್ತಾದದ್ದರಿಂದ ಉಳಿಯಿತು ಎಂದು ಡಾಕ್ಟರು ಹೇಳಿದರು. ನನಗೆ ಕೇಳಿಸಿದ್ದು ಕಣ್ಣಿನ ಮಾತು ಮಾತ್ರ. ಕೆಲವು ತಿಂಗಳ ಮೇಲೆ ಬಾವ ಕಪ್ಪು ಕನ್ನಡಕ ಹಾಕಿಕೊಂಡು ಹೋಟೆಲಿಗೆ ಬಂದ. "ದೋಸೆ ಕೆಂಪಾಯ್ತಾ ಅಂತ ನೋಡ್ಲಿಕ್ಕೆ ಒಂದು ಕಣ್ಣು ಸಾಕು" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಅವನ ಮಗ, "ಪಪ್ಪಾ, ಹರ್ ಕಿಸೀಕೋ ಮತ್ ಬೋಲೋ", ಎಲ್ಲರ ಹತ್ತಿರವೂ ಹೇಳಬೇಡಿ, ಎಂದು ಗೊಣಗುತ್ತಿದ್ದ. ಟಾನಿಕ್ಕಿನ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತುವುದಿಲ್ಲ ಎಂದು ಯಾರೂ ತೀರ್ಮಾನ ಮಾಡಿದ್ದಲ್ಲ, ಹಾಗೇ ನಡೆಯಿತು.

ಲ್ಯಾಬಿನಲ್ಲಿ ಬಾವನ ಮೂಗಿನಿಂದ ಬೆಳೆದ ಶಿಲೀಂಧ್ರವನ್ನು ಮೇಡಂ ಎಸೆಯಲಿಲ್ಲ. ಓರೆಯಾಗಿ ಹೆಪ್ಪುಗಟ್ಟಿಸಿದ ಆಹಾರದ ಟ್ಯೂಬಿನಲ್ಲಿ ಇಟ್ಟು, ಒಂದೆರಡು ತಿಂಗಳಿಗೊಮ್ಮೆ ಹೊಸ ಟ್ಯೂಬಿಗೆ ದಾಟಿಸಿ, ಅದೇ ನಂಬರ್ ಬರೆದಿಡುತ್ತಿದ್ದರು. ವಿದ್ಯಾರ್ಥಿಗಳಿಗೆ ತೋರಿಸಲು ಇರಬೇಕು ಎಂದುಕೊಂಡೆ. ಆ ರ‍್ಯಾಕಿನ ಕಡೆಗೆ ನಾನು ಹೆಚ್ಚು ಹೋಗುತ್ತಿರಲಿಲ್ಲ.

ಅವರು ನಿವೃತ್ತರಾದದ್ದು ಅದಾಗಿ ಎರಡು ವರ್ಷಕ್ಕೆ. ಭಾಷಣ ಮಾಡಲು ಬಿಡಲಿಲ್ಲ. ಕೇಕ್ ಕತ್ತರಿಸುವಾಗ ಅದರ ಅಡಿ ಎತ್ತಿ ನೋಡಿದ್ದು ಎಲ್ಲರಿಗೂ ನೆನಪಿದೆ. ಛತ್ರಿ ಮತ್ತು ಡಬ್ಬಿ ತೆಗೆದುಕೊಂಡರು. ನೋಟ್‌ಪುಸ್ತಕಗಳನ್ನು ಕಪಾಟಿನಲ್ಲೇ ಬಿಟ್ಟು, ಬೀಗದಕೈ ನನಗೆ ಕೊಟ್ಟರು. ನಾನು ಥಾಣೆ ಸ್ಟೇಷನ್ನಿನವರೆಗೆ ಹೋದೆ. ಐರೋಲಿಯ ಗಾಡಿಗೆ ಕಾಯುತ್ತ ನಿಂತಾಗ, ಇನ್ನು ಕೇಳದಿದ್ದರೆ ಕೇಳುವುದೇ ಇಲ್ಲ ಅನ್ನಿಸಿತು.

"ಮೇಡಂ, ನಮ್ಮ ಬಾವನ ಕಣ್ಣು. ಆ ಟಾನಿಕ್‌ನಿಂದಲೇ ಹೋದದ್ದಾ?"

ಅವರು ಹಳಿಯ ಕಡೆ ನೋಡುತ್ತಿದ್ದರು. "ಸಕ್ಕರೆ ಜಾಸ್ತಿ ಇತ್ತು. ಸ್ಟಿರಾಯ್ಡ್ ಇತ್ತು" ಎಂದರು.

"ಅದು ಗೊತ್ತುಂಟು. ಟಾನಿಕ್‌ನಿಂದಲಾ ಅಂತ ಕೇಳಿದ್ದು."

"ಗೊತ್ತಿಲ್ಲ" ಎಂದರು. ಗಾಡಿ ಬಂತು. ಹೆಂಗಸರ ಬೋಗಿಗೆ ಹತ್ತಿ, ಕಂಬಿ ಹಿಡಿದು ನಿಂತು, "ಇನ್‌ಕ್ಯುಬೇಟರ್ ಬಾಗಿಲು ಸರಿ ಮುಚ್ಚುವುದಿಲ್ಲ, ನೋಡ್ಕೋ" ಎಂದರು.

ನನಗೆ ಸಿಟ್ಟು ಬಂತು. ಒಂದು "ಇಲ್ಲ" ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಮುಂದೆ ಅವರಿಗೆ ಹಬ್ಬಕ್ಕೆ ಮೆಸೇಜು ಕಳಿಸಿದೆನೇ ಹೊರತು ಐರೋಲಿಗೆ ಹೋಗಲಿಲ್ಲ. ದಿವಾದಿಂದ ಐರೋಲಿ ಎಷ್ಟು ದೂರ ಎಂದು ಯಾರೂ ಕೇಳಬೇಡಿ. ಹೋದದ್ದು ಅವರ ಹೆಣ ನೋಡಲು.

ಈಗ ನಮ್ಮ ಲ್ಯಾಬು ರಬಾಳೆಯ ಕೈಗಾರಿಕಾ ಪ್ರದೇಶಕ್ಕೆ ಹೋಗಿದೆ. ಹಳೆಯ ಕಪಾಟು ಖಾಲಿ ಮಾಡಿ ಎಂದು ಮೇಲಿನವರು ಹೇಳಿದ್ದರು. ಮೇಡಂ ಅವರ ತಿಥಿಯ ಮರುವಾರ ನೋಟ್‌ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡುತ್ತ ಕೂತೆ. ಎಲ್ಲ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ಕೊನೆಯ ಪುಸ್ತಕದಲ್ಲಿ ಒಂದು ಪುಟ ಮಾತ್ರ ಕನ್ನಡದಲ್ಲಿತ್ತು. ಮೇಲೆ ಬಾವನ ನಂಬರ್. ತಾರೀಖು ಆಪರೇಷನ್ ಆಗಿ ಮೂರು ತಿಂಗಳಾದ ಮೇಲಿನದು.

"ಬರೀ ರಕ್ತದ ಸೀರಮ್ ಇರುವ ಟ್ಯೂಬು: ಬೆಳೆದದ್ದು ಕಾಣುವುದಿಲ್ಲ. ಎರಡನೇ ಟ್ಯೂಬು, ಹುಳಿ ಮಾಡಿದ ಸೀರಮ್: ಬೆಳೆದಿದೆ. ಮೂರನೇ ಟ್ಯೂಬು, ಹುಳಿ ಮಾಡಿದ ಸೀರಮ್‌ಗೆ ಟಾನಿಕ್ ಹಾಕಿದ್ದು: ಎರಡನೆಯದಕ್ಕಿಂತ ಚೆನ್ನಾಗಿ ಬೆಳೆದಿದೆ. ಮೂರು ಸಲ ಮಾಡಿದೆ. ಮೂರು ಸಲವೂ ಹಾಗೆಯೇ."

ಕೆಳಗೆ ಸ್ವಲ್ಪ ಜಾಗ ಬಿಟ್ಟು ಮತ್ತೆ ಬರೆದಿದ್ದರು.

"ಟ್ಯೂಬಿಗೆ ಹೊಟ್ಟೆ ಇಲ್ಲ. ಟಾನಿಕನ್ನು ನೇರ ಸುರಿದವಳು ನಾನು. ಕಾಯಿಲೆಯಲ್ಲಿ ಹೊಟ್ಟೆಯೂ ಕಬ್ಬಿಣವನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಅವರ ರಕ್ತಕ್ಕೆ ಎಷ್ಟು ಹೋಯಿತು ಎಂದು ತಿಳಿಯುವ ದಾರಿ ಇಲ್ಲ. ಟಾನಿಕ್ ಇಲ್ಲದ ಎರಡನೆಯದರಲ್ಲೂ ಬೆಳೆದಿದೆ. ಅವನು ಕೇಳಿದರೆ ಹೇಳಬಾರದು. ಅವನು ಮೂರನೇ ಟ್ಯೂಬನ್ನು ಮಾತ್ರ ನೋಡುತ್ತಾನೆ."

ಕಂಡದ್ದನ್ನು ಒಂದು ಸಾಲೂ ಬಿಡದೆ ಬರೆಸಿದ ಹೆಂಗಸು, ಕಂಡದ್ದನ್ನು ಇಟ್ಟುಕೊಂಡು ಪ್ಲಾಟ್‌ಫಾರ್ಮಿನಲ್ಲಿ ಗೊತ್ತಿಲ್ಲ ಅಂದಿದ್ದರು. ಅದು ಸುಳ್ಳೂ ಅಲ್ಲ. ಕನ್ನಡದಲ್ಲಿ ಬರೆದದ್ದು ಲ್ಯಾಬಿನಲ್ಲಿ ಬೇರೆ ಯಾರಿಗೂ ತಿಳಿಯಬಾರದೆಂದೋ, ನನಗೊಬ್ಬನಿಗೆ ತಿಳಿಯಲಿ ಎಂದೋ? ಮುಚ್ಚಿಡಬೇಕೆಂದಿದ್ದರೆ ಪುಟ ಹರಿಯಬಹುದಿತ್ತು. ಕಪಾಟಿನ ಬೀಗದಕೈಯನ್ನು ನನಗೇ ಯಾಕೆ ಕೊಟ್ಟರು? ಇದನ್ನು ಕೇಳಲು ಈಗ ಯಾರೂ ಇಲ್ಲ. ಅವರ ಮೇಲಿದ್ದ ಸಿಟ್ಟು ಮಾತ್ರ ಅಲ್ಲೇ ಇಳಿಯಿತು. ಪುಟವನ್ನು ಪೂರ್ತಿ ಎರಡು ಸಲ ಓದಿದೆ. ಹೊಟ್ಟೆಯ ಮಾತು ಅರ್ಥವಾಯಿತು, ಎರಡನೇ ಟ್ಯೂಬಿನ ಮಾತೂ ಅರ್ಥವಾಯಿತು. ಆದರೂ ಪುಸ್ತಕ ಮುಚ್ಚಿದ ಮೇಲೆ ಕಣ್ಣೆದುರು ನಿಂತದ್ದು ಮೂರನೆಯದೇ.

ಆ ಭಾನುವಾರ ಡೊಂಬಿವಲಿಗೆ ಹೋದೆ. ಬಾವ ಕಾವಲಿಯ ಹತ್ತಿರ ನಿಂತು ಒಂದು ಕಣ್ಣಿನಿಂದ ದೋಸೆ ನೋಡುತ್ತಿದ್ದ. ಅಕ್ಕ ಒಳಗೆ ಪಾರ್ಸೆಲ್‌ಗೆ ಚಟ್ನಿ ತುಂಬುತ್ತಿದ್ದಳು. ನಾನು ಸ್ಟೂಲಿನ ಮೇಲೆ ಕೂತೆ. ಅವಳು ಕೈ ನಿಲ್ಲಿಸದೆ ತುಳುವಿನಲ್ಲಿ ಮೆಲ್ಲಗೆ ಕೇಳಿದಳು.

"ನಿಮ್ಮ ಮೇಡಂ ಇರುವಾಗ ಒಂದು ಕೇಳ್ಬೇಕು ಅಂತಿತ್ತು. ಧೈರ್ಯ ಬರ್ಲಿಲ್ಲ. ಆ ಟಾನಿಕ್, ಚಮಚದಲ್ಲಿ ಕುಡಿಸಿದ್ದು ನಾನೇ ಅಲ್ವಾ. ನಿನ್ನ ಬಾವನಿಗೆ ಬೇಡ ಅಂತಿತ್ತು, ಬಾಯಿ ಕಹಿ ಅಂತಿದ್ರು. ನಾನು ಬಿಡ್ಲಿಲ್ಲ. ಅದರಿಂದ ಆದದ್ದಾ? ಮೇಡಂ ನಿನ್ನತ್ರ ಏನಾದ್ರೂ ಹೇಳಿದ್ರಾ?"

ಇಷ್ಟು ವರ್ಷ ಅದು ನನ್ನೊಬ್ಬನದು ಎಂದುಕೊಂಡಿದ್ದೆ. ಚೀಲದಲ್ಲಿ ಆ ನೋಟ್‌ಪುಸ್ತಕ ಇತ್ತು. ಅಕ್ಕನಿಗೂ ಕನ್ನಡ ಓದಲು ಬರುತ್ತದೆ. ಚೀಲವನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡೆ.

"ಕೇಳಿದ್ದೆ. ಗೊತ್ತಿಲ್ಲ ಅಂದ್ರು" ಎಂದೆ.

ಅಕ್ಕ ಚಟ್ನಿಯ ಪೊಟ್ಟಣಕ್ಕೆ ದಾರ ಸುತ್ತಿ, ಗಂಟು ಹಾಕಿ ಪಕ್ಕಕ್ಕಿಟ್ಟಳು. ಇನ್ನೊಂದನ್ನು ಕೈಗೆತ್ತಿಕೊಂಡಳು.

"ಇಲ್ಲ ಅನ್ಲಿಲ್ಲ ಅಲ್ವಾ" ಎಂದಳು.